‘ಶುಗರ್’, ‘ಕೆಟ್ಟ ರಕ್ತ’ ಮತ್ತು ಕಟಿಂಗ್ ಶಾಪ್‌ನ ಕುರ್ಚಿ



ಇವತ್ತಿನ ಕಥೆ ಒಂದು ಬೇಸ್‌ಬಾಲ್ ಮೈದಾನದಿಂದ ಶುರುವಾಗುತ್ತೆ. 1972ರ ಅಕ್ಟೋಬರ್ 15. ಅಮೆರಿಕದ ಸಿನ್ಸಿನಾಟಿ ನಗರ. ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯ. ಆಟ ಶುರುವಾಗೋ ಮುಂಚೆ ಒಬ್ಬ ಮಾಜಿ ಆಟಗಾರನಿಗೆ ಸನ್ಮಾನ. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ. ಒಂದು ಕಣ್ಣಿನ ದೃಷ್ಟಿ ಹೋಗಿದೆ, ಇನ್ನೊಂದು ಮಂಜಾಗ್ತಿದೆ. ನೋಡಿದವರು ಎಪ್ಪತ್ತು ವರ್ಷ ಅಂದುಕೊಳ್ಳಬೇಕು. ಆದರೆ ಆತನ ವಯಸ್ಸು ಬರೀ 53.

ಅವರ ಹೆಸರು ಜಾಕಿ ರಾಬಿನ್ಸನ್. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರ ಕಣಕ್ಕಿಳಿದು, ಬಿಳಿಯರಿಗೆ ಮಾತ್ರ ಅಂತಿದ್ದ ಮೇಜರ್ ಲೀಗ್ ಬೇಸ್‌ಬಾಲ್‌ನ ಗೋಡೆ ಒಡೆದ ಕಪ್ಪು ಆಟಗಾರ. ಆ ಘಟನೆಗೆ 25 ವರ್ಷ ತುಂಬಿದ್ದಕ್ಕೇ ಈ ಸನ್ಮಾನ. ಮೈಕ್ ಕೈಗೆ ಬಂದಾಗ ಅವರು ಧನ್ಯವಾದ ಹೇಳಿ ಸುಮ್ಮನಾಗಲಿಲ್ಲ. ಒಬ್ಬ ಕಪ್ಪು ಮ್ಯಾನೇಜರ್ ತಂಡ ನಡೆಸೋದನ್ನ ನೋಡಿದ ದಿನ ನನಗೆ ಇನ್ನೂ ಹೆಚ್ಚು ಹೆಮ್ಮೆ ಆಗುತ್ತೆ ಅನ್ನೋ ಅರ್ಥದ ಮಾತಾಡಿದರು. ಆ ದಿನ ಬಂದಿದ್ದು 1975ರಲ್ಲಿ. ಅದನ್ನ ನೋಡೋಕೆ ರಾಬಿನ್ಸನ್ ಇರಲಿಲ್ಲ. ಸಿನ್ಸಿನಾಟಿಯ ಸನ್ಮಾನ ಆಗಿ ಒಂಬತ್ತೇ ದಿನಕ್ಕೆ, ಅಕ್ಟೋಬರ್ 24ರಂದು, ಹೃದಯಾಘಾತದಿಂದ ತೀರಿಕೊಂಡರು. ಅದರ ಹಿಂದೆ ಹದಿನೈದು ವರ್ಷಗಳ ಡಯಾಬಿಟಿಸ್ ಇತ್ತು.

ಒಬ್ಬ ಕ್ರೀಡಾಪಟು. ದೇಶದ ಅತ್ಯಂತ ಪ್ರಸಿದ್ಧ ವ್ಯಕ್ತಿಗಳಲ್ಲಿ ಒಬ್ಬ. ಹೆಂಡತಿ ರೇಚಲ್ ರಾಬಿನ್ಸನ್ ತರಬೇತಿ ಪಡೆದ ನರ್ಸ್, ಯೇಲ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪಾಠ ಮಾಡಿದವರು. ಅಂಥವರ ಮನೆಯಲ್ಲೇ ಹೀಗಾದ್ರೆ, ಅಲಬಾಮಾದಲ್ಲಿ ಹತ್ತಿ ಬಿಡಿಸೋ ಒಬ್ಬ ಕೂಲಿಯವನ ಕಥೆ ಏನಿದ್ದೀತು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದಕ್ಕೆ ಒಂದು ಸ್ವಂತ ಕಾರಣ ಇದೆ. ನಮ್ಮಪ್ಪನಿಗೆ ಈಗ 57. ‘ಶುಗರ್ ಟೆಸ್ಟ್ ಮಾಡಿಸ್ಕೊಳ್ಳಿ’ ಅಂತ ಅಮ್ಮ ಆರು ವರ್ಷ ಹೇಳಿದ್ರು. ‘ನನಗೇನಾಗಿದೆ, ಕಲ್ಲಿದ್ದ ಹಾಗಿದ್ದೀನಿ’ ಅಂತ ಅಪ್ಪ ಆರು ವರ್ಷ ಹೇಳಿದ್ರು. ಕೊನೆಗೆ ಕಾಲಿನ ಬೆರಳಲ್ಲಿ ಒಂದು ಗಾಯ ಮಾಯದೇ ಉಳಿದಾಗ ಗೊತ್ತಾಯ್ತು. ಆಗ ನಾನು ಕೋಪದಲ್ಲಿ ಅಂದಿದ್ದೆ: ‘ಗಂಡಸರೇ ಹೀಗೆ. ಬೇಜವಾಬ್ದಾರಿ.’ ಅಮೆರಿಕದ ಕಪ್ಪು ಗಂಡಸರ ಬಗ್ಗೆಯೂ ದಶಕಗಳ ಕಾಲ ಇದೇ ಮಾತು ಹೇಳಲಾಗಿದೆ. ಡಾಕ್ಟರ ಹತ್ತಿರ ಹೋಗಲ್ಲ, ಮಾತ್ರೆ ತಗೊಳ್ಳಲ್ಲ, ಹೇಳಿದ್ದು ಕೇಳಲ್ಲ ಅಂತ. ಆ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಆ ಮಾತು ಹೇಳೋದು ಕಷ್ಟ ಆಯ್ತು. ಯಾಕೆ ಅಂತ ಇವತ್ತು ಹೇಳ್ತೀನಿ.

ಮೊದಲು ಒಂದು ಪದ. ನಮ್ಮಲ್ಲಿ ಯಾರೂ ‘ಮಧುಮೇಹ ಬಂದಿದೆ’ ಅಂತ ಮನೆಯಲ್ಲಿ ಹೇಳಲ್ಲ. ‘ಶುಗರ್ ಬಂದಿದೆ’ ಅಂತೀವಿ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಕುಟುಂಬಗಳಲ್ಲೂ ಹಳಬರು ಹೇಳೋದು ಇದೇ ಪದ: ಶುಗರ್. ‘ಅಜ್ಜನಿಗೆ ಶುಗರ್ ಇತ್ತು, ಕಾಲು ತೆಗೆದರು’ ಅನ್ನೋದು ಅಲ್ಲಿ ಎಷ್ಟೋ ಮನೆಗಳ ಕಥೆ. ನಮ್ಮ ಓಣಿಯ ಕಥೆ ಕೂಡ ಅಲ್ವಾ?

ಆದರೆ ನೂರು ವರ್ಷದ ಹಿಂದೆ ಅಮೆರಿಕದ ಬಹಳಷ್ಟು ವೈದ್ಯರು, ಕಪ್ಪು ಜನರಿಗೆ ಡಯಾಬಿಟಿಸ್ ಬರೋದೇ ಅಪರೂಪ ಅಂತ ನಂಬಿದ್ದರು. ಅದು ಕೂತು ತಿನ್ನೋ, ತಲೆ ಓಡಿಸೋ, ಅನುಕೂಲಸ್ಥರ ಕಾಯಿಲೆ ಅನ್ನೋ ಅಭಿಪ್ರಾಯ ಇತ್ತು. ಅದನ್ನ ಯಹೂದಿಗಳ ಕಾಯಿಲೆ ಅಂತಲೂ ಕರೆದರು. ಕಪ್ಪು ಜನರಲ್ಲಿ ಯಾಕೆ ಕಾಣಲ್ಲ? ಸರಳ ಉತ್ತರ, ಯಾರೂ ಹುಡುಕಲಿಲ್ಲ. ಆಸ್ಪತ್ರೆ ಬಾಗಿಲಿಗೇ ಬಿಡದವರ ಮೂತ್ರವನ್ನ, ರಕ್ತವನ್ನ ಪರೀಕ್ಷೆ ಮಾಡೋದು ಎಲ್ಲಿ? ಲೆಕ್ಕಕ್ಕೇ ಬರದವರು ಆರೋಗ್ಯವಂತರು ಅಂತ ಪುಸ್ತಕದಲ್ಲಿ ಬರೆದುಬಿಟ್ಟರು. ಅದೇ ಕಪ್ಪು ಜನರಲ್ಲಿ ಕಾಯಿಲೆ ಹೆಚ್ಚು ಅಂತ 20ನೇ ಶತಮಾನದ ಮಧ್ಯದ ನಂತರ ಎದ್ದು ಕಾಣೋಕೆ ಶುರುವಾದಾಗ ವಾದ ತಿರುಗಿತು. ತಪ್ಪು ಅವರ ಊಟದ್ದು, ಅವರ ರಕ್ತದ್ದು ಅಂತ. ಎರಡೂ ಸಲ ಆಸ್ಪತ್ರೆಯನ್ನ ಯಾರೂ ಪ್ರಶ್ನೆ ಮಾಡಲಿಲ್ಲ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಸಾವಿನಂಚಿನಲ್ಲಿದ್ದ ಮಕ್ಕಳು ಎದ್ದು ಓಡಾಡಿದರು. ಅದರ ಪೇಟೆಂಟ್ ಅನ್ನು ಸಂಶೋಧಕರು ತಲಾ 1 ಡಾಲರ್‌ಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆದರೆ ಇನ್ಸುಲಿನ್ ಅನ್ನೋದು ಒಂದು ಸಲ ಕೊಟ್ಟು ಮುಗಿಯೋ ಔಷಧ ಅಲ್ಲ. ಜೀವನಪೂರ್ತಿ ಬೇಕು. ಅಳತೆ ಹೇಳೋ ಡಾಕ್ಟರ್ ಬೇಕು, ಆಗಾಗ ಪರೀಕ್ಷೆ ಬೇಕು, ಸಿರಿಂಜ್ ಬೇಕು, ದಿನದ ಕೂಲಿ ಬಿಟ್ಟು ಹೋಗಿ ಬರೋಕೆ ಆಸ್ಪತ್ರೆ ಹತ್ತಿರ ಇರಬೇಕು. ಡಯಾಬಿಟಿಸ್ ಅಂದ್ರೆ ಆಸ್ಪತ್ರೆ ಜೊತೆಗಿನ ದೀರ್ಘ ಸಂಬಂಧ. ಆ ಸಂಬಂಧವೇ ಇಲ್ಲದಿದ್ದರೆ?

ಇರಲಿಲ್ಲ. 1910ರಲ್ಲಿ ಫ್ಲೆಕ್ಸ್‌ನರ್ ವರದಿ ಅಂತ ಒಂದು ಬಂತು, ಅಮೆರಿಕದ ವೈದ್ಯಕೀಯ ಕಾಲೇಜುಗಳ ಗುಣಮಟ್ಟದ ಬಗ್ಗೆ. ಆಗ ಏಳು ಕಪ್ಪು ವೈದ್ಯಕೀಯ ಕಾಲೇಜುಗಳಿದ್ದವು. ವರದಿಯ ನಂತರದ ವರ್ಷಗಳಲ್ಲಿ ಐದು ಮುಚ್ಚಿದವು. ಉಳಿದಿದ್ದು ಹೊವರ್ಡ್ ಮತ್ತು ಮೆಹರಿ, ಎರಡೇ. 1946ರಲ್ಲಿ ಹಿಲ್-ಬರ್ಟನ್ ಕಾಯ್ದೆ ಬಂತು. ಹೊಸ ಆಸ್ಪತ್ರೆ ಕಟ್ಟೋಕೆ ಕೇಂದ್ರ ಸರ್ಕಾರದ ಹಣ. ಒಳ್ಳೇದೇ. ಆದರೆ ‘ಪ್ರತ್ಯೇಕ ಆದರೆ ಸಮಾನ’ ಅನ್ನೋ ಹೆಸರಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಆಸ್ಪತ್ರೆ ಕಟ್ಟೋಕೂ ಆ ಕಾಯ್ದೆ ಅವಕಾಶ ಕೊಟ್ಟಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ನ್ಯಾಯಾಲಯ ಹೇಳಿದ್ದು 1963ರಲ್ಲಿ. 1966ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ವಿಮೆ ಜಾರಿಗೆ ಬಂತು. ಜನಾಂಗದ ಹೆಸರಲ್ಲಿ ಬೇರೆ ಬೇರೆ ವಾರ್ಡ್ ಇಟ್ಟುಕೊಂಡ ಆಸ್ಪತ್ರೆಗೆ ಈ ಹಣ ಸಿಗಲ್ಲ ಅಂತ ಸರ್ಕಾರ ಷರತ್ತು ಹಾಕಿತು. ಅಷ್ಟೇ. ದಶಕಗಳಿಂದ ಬದಲಾಗದ ವಾರ್ಡುಗಳು ಕೆಲವೇ ತಿಂಗಳಲ್ಲಿ ಒಂದಾದವು. ಮನಸ್ಸು ಬದಲಾಯಿಸೋಕೆ ಕಾಯಬೇಕಾಗಿರಲಿಲ್ಲ, ಚೆಕ್ ಬುಕ್ ಸಾಕಾಗಿತ್ತು ಅನ್ನೋದು ಇಲ್ಲಿನ ಪಾಠ.

ಇನ್ನೊಂದು ಮಾತು. ಈ ಆಸ್ಪತ್ರೆ ಇಲ್ಲದ ಕಾಲದಲ್ಲಿ ಕಪ್ಪು ಜನ ಸುಮ್ಮನೆ ಕೂತಿರಲಿಲ್ಲ. ನಾರ್ತ್ ಕ್ಯಾರೊಲಿನಾದ ಡರ್ಹಮ್ ಊರಲ್ಲಿ ಜಾನ್ ಮೆರಿಕ್ ಅಂತ ಒಬ್ಬರಿದ್ದರು. 1859ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ವೃತ್ತಿ ಕ್ಷೌರ. ತಂಬಾಕು ವ್ಯಾಪಾರದ ದೊಡ್ಡ ಕುಳ ವಾಷಿಂಗ್ಟನ್ ಡ್ಯೂಕ್ ಅವರ ಗಿರಾಕಿ. ಮೆರಿಕ್ ಮತ್ತು ಡಾಕ್ಟರ್ ಆರನ್ ಮೂರ್ ಸೇರಿ ಆ ಡ್ಯೂಕ್ ಕುಟುಂಬದ ಹಣದಿಂದ 1901ರಲ್ಲಿ ಕಪ್ಪು ಜನರಿಗಾಗಿ ಲಿಂಕನ್ ಆಸ್ಪತ್ರೆ ಕಟ್ಟಿಸಿದರು. ಕ್ಷೌರದ ಕುರ್ಚಿಯ ಪಕ್ಕದಿಂದ ಹೊರಟ ಒಂದು ಆಸ್ಪತ್ರೆ! ಈ ಕುರ್ಚಿಯನ್ನ ನೆನಪಲ್ಲಿಟ್ಕೊಳ್ಳಿ. ಮತ್ತೆ ಬರ್ತೀವಿ.

ಈಗ ಎರಡನೇ ಪದ: ‘ಕೆಟ್ಟ ರಕ್ತ’. 1932. ಅಲಬಾಮಾ ರಾಜ್ಯದ ಮೇಕನ್ ಕೌಂಟಿ, ಟಸ್ಕೀಗಿ ಊರಿನ ಸುತ್ತಮುತ್ತ. ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ ಒಂದು ಅಧ್ಯಯನ ಶುರು ಮಾಡಿತು. ಒಟ್ಟು 600 ಕಪ್ಪು ಗಂಡಸರು, ಬಹುತೇಕ ಬಡ ಗೇಣಿದಾರರು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು, 201 ಜನರಿಗೆ ಇರಲಿಲ್ಲ. ಯಾರಿಗೂ ಕಾಯಿಲೆಯ ಹೆಸರು ಹೇಳಲಿಲ್ಲ. ‘ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡ್ತೀವಿ’ ಅಂದರು. ಉಚಿತ ತಪಾಸಣೆ, ಬಂದು ಹೋಗೋಕೆ ಗಾಡಿ, ಮಧ್ಯಾಹ್ನ ಊಟ, ಸತ್ತರೆ ಮಣ್ಣಿನ ಖರ್ಚು. ಆ ಬಡತನದಲ್ಲಿ ಯಾರು ಬೇಡ ಅಂತಾರೆ? ವಿಶೇಷ ಚಿಕಿತ್ಸೆ ಅಂತ ಕರೆಸಿ ಬೆನ್ನುಮೂಳೆಯಿಂದ ದ್ರವ ತೆಗೆದರು. ಅದು ಚಿಕಿತ್ಸೆ ಅಲ್ಲ, ಪರೀಕ್ಷೆ.

ಇಲ್ಲಿ ಒಂದು ತಪ್ಪು ಕಲ್ಪನೆ ಸರಿ ಮಾಡಬೇಕು. ವಾಟ್ಸಾಪ್‌ನಲ್ಲಿ ಓಡಾಡೋ ಹಾಗೆ ಸರ್ಕಾರ ಅವರಿಗೆ ಸಿಫಿಲಿಸ್ ಚುಚ್ಚಲಿಲ್ಲ. ಮಾಡಿದ್ದು ಇನ್ನೊಂದು. ಕಾಯಿಲೆ ಇದೆ ಅಂತ ಗೊತ್ತಿದ್ದೂ, ಔಷಧ ಕೊಡದೇ, ಚಿಕಿತ್ಸೆ ಇಲ್ಲದಿದ್ದರೆ ದೇಹ ಹೇಗೆ ಹಾಳಾಗುತ್ತೆ ಅಂತ ನೋಡ್ತಾ ಕೂತರು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. 1947ರ ಹೊತ್ತಿಗೆ ಅದೇ ಸಿಫಿಲಿಸ್‌ಗೆ ಪ್ರಮುಖ ಔಷಧವಾಗಿತ್ತು. ರಾಬಿನ್ಸನ್ ಬ್ರೂಕ್ಲಿನ್‌ನಲ್ಲಿ ಕಣಕ್ಕಿಳಿದ ವರ್ಷ, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಟಸ್ಕೀಗಿಯ ಗಂಡಸರಿಗೆ ಮಾತ್ರ ಪೆನಿಸಿಲಿನ್ ಕೊಡಲಿಲ್ಲ. ಮಹಾಯುದ್ಧದ ಸಮಯದಲ್ಲಿ ಸೇನಾ ಭರ್ತಿಯ ತಪಾಸಣೆಯಲ್ಲಿ ಕಾಯಿಲೆ ಪತ್ತೆಯಾದವರಿಗೂ ಚಿಕಿತ್ಸೆ ಸಿಗದ ಹಾಗೆ ನೋಡಿಕೊಂಡರು. ಗಂಡಸರು ಸತ್ತರು. ಹೆಂಡತಿಯರಿಗೆ ಸೋಂಕು ತಗುಲಿತು. ಮಕ್ಕಳು ಸೋಂಕಿನ ಜೊತೆಗೇ ಹುಟ್ಟಿದರು.

ಇದು 40 ವರ್ಷ ನಡೀತು. ಒಳಗೇ ಕೆಲಸ ಮಾಡ್ತಿದ್ದ ಪೀಟರ್ ಬಕ್ಸ್‌ಟನ್ ವರ್ಷಗಟ್ಟಲೆ ಆಕ್ಷೇಪಿಸಿದರು, ಯಾರೂ ಕೇಳಲಿಲ್ಲ. ಕೊನೆಗೆ ಪತ್ರಕರ್ತರಿಗೆ ದಾಖಲೆ ಕೊಟ್ಟರು. ಅಸೋಸಿಯೇಟೆಡ್ ಪ್ರೆಸ್‌ನ ಜೀನ್ ಹೆಲ್ಲರ್ ಬರೆದ ವರದಿ 1972ರ ಜುಲೈ 25ರಂದು ಹೊರಬಂತು. ಗಮನಿಸಿ, 1972. ಜುಲೈನಲ್ಲಿ ಟಸ್ಕೀಗಿ ಬಯಲಾಯ್ತು, ಅಕ್ಟೋಬರ್‌ನಲ್ಲಿ ರಾಬಿನ್ಸನ್ ತೀರಿಕೊಂಡರು. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧ ಇಲ್ಲ. ಆದರೆ ಆ ವರ್ಷ ನಲವತ್ತೈದು, ಐವತ್ತು ವಯಸ್ಸಿನಲ್ಲಿದ್ದ ಒಬ್ಬ ಕಪ್ಪು ಗಂಡಸಿನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಬಾಯಾರಿಕೆ ಜಾಸ್ತಿ ಆಗ್ತಿದೆ. ರಾತ್ರಿ ನಾಲ್ಕು ಸಲ ಎದ್ದು ಹೋಗ್ತಿದ್ದಾನೆ. ಯಾರೋ ಹೇಳ್ತಾರೆ, ‘ಹೋಗಿ ರಕ್ತ ಕೊಡು, ಟೆಸ್ಟ್ ಮಾಡ್ತಾರೆ’ ಅಂತ. ಅವತ್ತಿನ ಪೇಪರ್ ಅವನ ಮುಂದೆ ಬಿದ್ದಿದೆ. ಅವನು ಹೋಗ್ತಾನಾ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಮಾರ್ಸೆಲ್ಲಾ ಅಲ್ಸಾನ್ ಮತ್ತು ಮರಿಯಾನ್ ವಾನಮೇಕರ್ ಅನ್ನೋ ಇಬ್ಬರು ಸಂಶೋಧಕಿಯರು ಹಳೇ ದಾಖಲೆಗಳನ್ನ ಕೂಡಿಸಿದರು. 1972ರ ನಂತರ ವಯಸ್ಸಾದ ಕಪ್ಪು ಗಂಡಸರು ಆಸ್ಪತ್ರೆಗೆ ಹೋಗೋದು ಕಡಿಮೆಯಾಯ್ತು, ವೈದ್ಯರ ಮೇಲಿನ ಅಪನಂಬಿಕೆ ಹೆಚ್ಚಾಯ್ತು. ಟಸ್ಕೀಗಿಗೆ ಹತ್ತಿರ ಇದ್ದಷ್ಟೂ ಈ ಪರಿಣಾಮ ಜೋರು. ಅವರ ಅಂದಾಜಿನ ಪ್ರಕಾರ, 45ರ ವಯಸ್ಸಿನ ಕಪ್ಪು ಗಂಡಸಿನ ಮುಂದಿನ ಆಯಸ್ಸಿನಲ್ಲಿ ಸುಮಾರು ಒಂದೂವರೆ ವರ್ಷದವರೆಗೆ ಕಡಿತ. ಟಸ್ಕೀಗಿಯಲ್ಲಿ ಇಲ್ಲದವರ ಆಯಸ್ಸು ಕೂಡ! ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರ ಮೇ 16ಕ್ಕೆ, ಕಾಲು ಶತಮಾನ ಕಳೆದ ಮೇಲೆ.

ಹಾಗಂತ ಎಲ್ಲಾ ತಪ್ಪನ್ನೂ ಟಸ್ಕೀಗಿಯ ತಲೆಗೆ ಕಟ್ಟೋದು ಕೂಡ ಸುಲಭದ ದಾರಿ. ‘ಪಾಪ, ಅವರಿಗೆ ಹಳೇ ಭಯ’ ಅಂದುಬಿಟ್ಟರೆ ಇವತ್ತಿನ ಬಾಗಿಲು ಮುಚ್ಚಿರೋದು ಕಾಣಲ್ಲ. ಮಿಸಿಸಿಪ್ಪಿ, ಅಲಬಾಮಾದಂಥ ರಾಜ್ಯಗಳು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಲು ಒಪ್ಪಲಿಲ್ಲ. ಅಲ್ಲಿ ಅಂಗವೈಕಲ್ಯ ಇಲ್ಲದ, ಮಕ್ಕಳ ಜವಾಬ್ದಾರಿ ಇಲ್ಲದ ಒಬ್ಬ ಬಡ ಗಂಡಸು ಎಷ್ಟೇ ಬಡವನಾಗಿದ್ರೂ ಮೆಡಿಕೇಡ್‌ಗೆ ಅರ್ಹನಲ್ಲ. ವಿಮೆ ಇಲ್ಲ, ಖಾಯಂ ಡಾಕ್ಟರ್ ಇಲ್ಲ, ಹೋದರೆ ಒಂದು ದಿನದ ಸಂಬಳ ಇಲ್ಲ. ಅವನು ಡಾಕ್ಟರನ್ನ ಮೊದಲ ಸಲ ನೋಡೋದು ಕಾಲು ಕಪ್ಪಾದ ಮೇಲೆ, ಎಮರ್ಜೆನ್ಸಿಯಲ್ಲಿ. ಮಿಸಿಸಿಪ್ಪಿ ಡೆಲ್ಟಾದಲ್ಲಿ ಕೆಲಸ ಮಾಡುವ ಹೃದ್ರೋಗ ತಜ್ಞ ಫೊಲುಸೊ ಫಕೊರೆಡೆ ವರ್ಷಗಳಿಂದ ಇದೇ ಹೇಳ್ತಿದ್ದಾರೆ. ಕಾಲಿನ ರಕ್ತನಾಳಗಳನ್ನ ಮೊದಲೇ ಪರೀಕ್ಷೆ ಮಾಡಿದ್ರೆ ಎಷ್ಟೋ ಕಾಲುಗಳನ್ನ ಕತ್ತರಿಸಬೇಕಾಗಿಲ್ಲ ಅಂತ.

ಅಂಕಿ ನೋಡಿ. ಅಮೆರಿಕದ ಸಿಡಿಸಿ ಸಂಸ್ಥೆಯ 2018–19ರ ಲೆಕ್ಕದಲ್ಲಿ, ಡಯಾಬಿಟಿಸ್ ಪತ್ತೆಯಾದ ವಯಸ್ಕರು ಬಿಳಿಯರಲ್ಲಿ ಶೇ 7.4. ಕಪ್ಪು ಜನರಲ್ಲಿ ಶೇ 12.1. ಮೂಲನಿವಾಸಿಗಳಲ್ಲಿ ಶೇ 14.5. ಇದು ಪತ್ತೆಯಾದವರ ಲೆಕ್ಕ ಮಾತ್ರ.

ರಾಬಿನ್ಸನ್ ಕಡೆಗೆ ಒಂದು ನಿಮಿಷ ವಾಪಸ್ ಹೋಗೋಣ. ಅವರಿಗೆ ವಿಮೆ, ಹಣ, ಮನೆಯಲ್ಲೇ ನರ್ಸ್ ಎಲ್ಲಾ ಇತ್ತಲ್ಲ, ಮತ್ಯಾಕೆ? ಕಾಯಿಲೆ ಗೊತ್ತಾಗಿದ್ದು 1957ರ ಸುಮಾರಿಗೆ, ಆಟ ಬಿಟ್ಟು ಕಾಫಿ ಕಂಪನಿಯೊಂದರ ಉಪಾಧ್ಯಕ್ಷರಾದ ಕಾಲ. ಆಗ ಮನೆಯಲ್ಲಿ ಬೆರಳು ಚುಚ್ಚಿ ನೋಡೋ ಗ್ಲುಕೋಮೀಟರ್ ಇರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಅಂದಾಜು ಮಾಡಬೇಕಿತ್ತು. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆ ಇರಲಿಲ್ಲ. ಡಯಾಬಿಟಿಸ್ ಇರೋರ ಹಿಮೊಗ್ಲೋಬಿನ್‌ನಲ್ಲಿ ಆ ಬದಲಾವಣೆ ಇದೆ ಅಂತ ಇರಾನಿನ ವಿಜ್ಞಾನಿ ಸ್ಯಾಮುಯೆಲ್ ರಹಬಾರ್ ಗುರುತಿಸಿದ್ದೇ 1968ರ ಹೊತ್ತಿಗೆ. ಇವತ್ತು ನಮ್ಮ ಅಪ್ಪಂದಿರು ನುಂಗೋ ಮೆಟ್‌ಫಾರ್ಮಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರ ಕೊನೆಗೆ. ಅಂದರೆ 1957ರ ಶುಗರ್, ಬಣ್ಣ ಯಾವುದೇ ಇರಲಿ, ಕ್ರೂರವಾಗಿತ್ತು. ಆದರೆ ಇವತ್ತು ಹಾಗಿಲ್ಲ. ಮೀಟರ್ ಇದೆ, ಪರೀಕ್ಷೆ ಇದೆ, ಮಾತ್ರೆ ಇದೆ. ರಾಬಿನ್ಸನ್‌ಗೆ ಸಿಗದೇ ಇದ್ದಿದ್ದು ಇವತ್ತು ಇದ್ದೂ ಸಿಗದೇ ಇರೋದು ಬೇರೆ ಥರದ ಅನ್ಯಾಯ.

ಹಾಗಾದ್ರೆ ಏನು ಮಾಡೋದು? ಇಲ್ಲಿ ಆ ಕುರ್ಚಿ ಮತ್ತೆ ಬರುತ್ತೆ.

ಕಪ್ಪು ಬಡಾವಣೆಗಳಲ್ಲಿ ಕಟಿಂಗ್ ಶಾಪ್ ಅಂದ್ರೆ ಬರೀ ಕೂದಲು ಕತ್ತರಿಸೋ ಜಾಗ ಅಲ್ಲ. ನಮ್ಮ ಅರಳಿಕಟ್ಟೆ ಥರ. ರಾಜಕೀಯ, ಆಟ, ಸಾಲ, ಸಂಸಾರ ಎಲ್ಲಾ ಅಲ್ಲೇ. ಡಾಕ್ಟರ ಹತ್ತಿರ ಹತ್ತು ವರ್ಷ ಹೋಗದವನು ಇಲ್ಲಿಗೆ ಎರಡು ವಾರಕ್ಕೊಮ್ಮೆ ಬರ್ತಾನೆ, ಅದೂ ಅದೇ ಕ್ಷೌರಿಕನ ಹತ್ತಿರ, ವರ್ಷಗಟ್ಟಲೆ. ಡಾಕ್ಟರ್ ರೊನಾಲ್ಡ್ ವಿಕ್ಟರ್ ಇದನ್ನ ಹಿಡಿದುಕೊಂಡರು. ಲಾಸ್ ಏಂಜಲೀಸ್‌ನ 52 ಕಟಿಂಗ್ ಶಾಪ್‌ಗಳಲ್ಲಿ, ಬಿಪಿ ಹೆಚ್ಚಿದ್ದ 319 ಕಪ್ಪು ಗಂಡಸರ ಮೇಲೆ ಅವರ ತಂಡ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಇದು ಬಿಪಿ ಅಧ್ಯಯನ, ಡಯಾಬಿಟಿಸ್‌ದಲ್ಲ. ಆದರೆ ಶುಗರ್ ಇರೋರ ಹೃದಯ, ಕಿಡ್ನಿ ಹಾಳು ಮಾಡೋ ಜೊತೆಗಾರ ಬಿಪಿಯೇ ಆದ್ದರಿಂದ ಹೇಳ್ತಿದ್ದೀನಿ.

ಅರ್ಧ ಅಂಗಡಿಗಳಲ್ಲಿ ಕ್ಷೌರಿಕರು ಬುದ್ಧಿ ಹೇಳಿದರು: ಉಪ್ಪು ಕಡಿಮೆ ಮಾಡು, ಡಾಕ್ಟರ್ ನೋಡು. ಇನ್ನರ್ಧ ಅಂಗಡಿಗಳಿಗೆ ಫಾರ್ಮಸಿಸ್ಟ್ ಬಂದು, ಗಿರಾಕಿಯ ಡಾಕ್ಟರ ಜೊತೆ ಒಪ್ಪಂದ ಮಾಡಿಕೊಂಡು, ಅಲ್ಲೇ ಔಷಧ ಶುರು ಮಾಡಿ, ಅಲ್ಲೇ ಅಳತೆ ನೋಡಿದರು. ಆರು ತಿಂಗಳ ನಂತರ, ಬುದ್ಧಿ ಕೇಳಿದ ಗುಂಪಿನಲ್ಲಿ ಮೇಲಿನ ಬಿಪಿ ಸರಾಸರಿ 9.3 ಇಳಿದಿತ್ತು. ಔಷಧ ಕುರ್ಚಿಯ ಹತ್ತಿರಕ್ಕೇ ಬಂದ ಗುಂಪಿನಲ್ಲಿ 27 ಇಳಿದಿತ್ತು. ಅಂದರೆ ಮಾತ್ರೆ ತಗೊಳ್ಳಲ್ಲ ಅಂತ ಬೈಸಿಕೊಂಡವರೇ ಇವರು. ಮಾತ್ರೆ ಹತ್ತಿರ ಬಂದಾಗ ತಗೊಂಡರು.

ಎರಡನೇ ಪ್ರಯೋಗ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಅದೇ ಅಲ್ಸಾನ್ ಮತ್ತು ಸಂಗಡಿಗರು ಕಟಿಂಗ್ ಶಾಪ್‌ಗಳಿಂದ, ಸಂತೆಗಳಿಂದ 1,300ಕ್ಕೂ ಹೆಚ್ಚು ಕಪ್ಪು ಗಂಡಸರನ್ನ ಸೇರಿಸಿದರು. ಶನಿವಾರಗಳಂದು ಉಚಿತ ಕ್ಲಿನಿಕ್ ತೆರೆದರು. ಕೆಲವರಿಗೆ ಕಪ್ಪು ಡಾಕ್ಟರ್, ಕೆಲವರಿಗೆ ಬೇರೆಯವರು. ಮೊದಲು ಟ್ಯಾಬ್ಲೆಟ್‌ನಲ್ಲಿ ಡಾಕ್ಟರ ಫೋಟೊ ತೋರಿಸಿ, ಯಾವ ಟೆಸ್ಟ್ ಬೇಕು ಅಂತ ಕೇಳಿದರು. ಆಗ ಹೆಚ್ಚು ವ್ಯತ್ಯಾಸ ಇರಲಿಲ್ಲ. ಡಾಕ್ಟರ ಜೊತೆ ಎದುರುಬದುರು ಕೂತು ಮಾತಾಡಿದ ಮೇಲೆ ಮತ್ತೆ ಕೇಳಿದರು. ಈಗ ವ್ಯತ್ಯಾಸ ಬಂತು. ಕಪ್ಪು ಡಾಕ್ಟರ ಜೊತೆ ಮಾತಾಡಿದವರು ಡಯಾಬಿಟಿಸ್ ಟೆಸ್ಟ್‌ಗೆ ಬೆರಳು ಕೊಡೋದು ಶೇ 49ರಷ್ಟು ಹೆಚ್ಚಾಗಿತ್ತು. ಬರೀ ತೂಕ ನೋಡೋಕೆ ಅಷ್ಟು ವ್ಯತ್ಯಾಸ ಇಲ್ಲ. ಸೂಜಿ, ರಕ್ತ ಬಂದಲ್ಲಿ ವ್ಯತ್ಯಾಸ ದೊಡ್ಡದು. ರಕ್ತ ಕೊಡೋದು ಅಂದ್ರೆ ನಂಬಿಕೆ ಕೊಡೋದು.

ಆದರೆ ಆ ಕಪ್ಪು ಡಾಕ್ಟರುಗಳು ಎಲ್ಲಿದ್ದಾರೆ? ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟವೇ ಕೊಟ್ಟ ಲೆಕ್ಕ: 1978ರಲ್ಲಿ ಎಂಬಿಬಿಎಸ್‌ನಂಥ ಕೋರ್ಸ್‌ಗೆ ಸೇರಿದ ಕಪ್ಪು ಗಂಡಸರು 542. 2014ರಲ್ಲಿ 515. ಮೂವತ್ತಾರು ವರ್ಷದಲ್ಲಿ ಹೆಚ್ಚಾಗೋದಿರಲಿ, ಕಡಿಮೆಯಾಗಿದೆ. 1910ರ ಆ ಮುಚ್ಚಿದ ಐದು ಕಾಲೇಜುಗಳ ನೆರಳು ಎಷ್ಟು ಉದ್ದ ನೋಡಿ.

ಮೂರನೆಯದು ಬ್ರೂಕ್ಲಿನ್‌ನಲ್ಲಿ, ರಾಬಿನ್ಸನ್ ಆಡಿದ ಅದೇ ಬ್ರೂಕ್ಲಿನ್. 2020ರಲ್ಲಿ ಪ್ರಕಟವಾದ ಅಧ್ಯಯನ. ಕಪ್ಪು ಜನರ ಕಟಿಂಗ್ ಶಾಪ್‌ಗಳಲ್ಲಿ ಕೂತ 290 ಗಂಡಸರ ಬೆರಳು ಚುಚ್ಚಿ ಅಲ್ಲೇ ಎಚ್‌ಬಿಎ1ಸಿ ನೋಡಿದರು. ಸುಮಾರು ಶೇ 9 ಜನರಿಗೆ ಡಯಾಬಿಟಿಸ್ ಮಟ್ಟದ ಸಕ್ಕರೆ. ಇನ್ನೂ ಶೇ 28 ಜನ ಅಂಚಿನಲ್ಲಿ. ಇವರು ತಮಗೆ ಶುಗರ್ ಇದೆ ಅಂತ ತಿಳಿದವರಲ್ಲ, ಕೂದಲು ಕತ್ತರಿಸಿಕೊಳ್ಳೋಕೆ ಬಂದವರು. ನಿಜ ಹೇಳ್ಬೇಕು ಅಂದ್ರೆ, ಕೇಳಿದವರಲ್ಲಿ ಒಪ್ಪದವರೇ ಜಾಸ್ತಿ. ಕುರ್ಚಿಯಲ್ಲಿ ಮಾಯಾಮಂತ್ರ ಇಲ್ಲ. ಆದರೆ ಆಸ್ಪತ್ರೆ ಸುಮ್ಮನೆ ಕಾದು ಕೂತಿದ್ರೆ ಈ 290 ಜನರಲ್ಲಿ ಎಷ್ಟು ಜನ ಬರ್ತಿದ್ರು?

ಇನ್ನೊಂದು ವಿಚಿತ್ರ ಸಂಗತಿ, ಇದು ಗಂಡಸರಿಗೇ ಸಂಬಂಧಿಸಿದ್ದು. ಜಿ6ಪಿಡಿ ಅಂತ ಒಂದು ಜೀನ್. ಅದರ ಒಂದು ರೂಪ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಕೊಡುತ್ತೆ, ಆದ್ದರಿಂದ ಆಫ್ರಿಕಾ ಮೂಲದವರಲ್ಲಿ ಹೆಚ್ಚು. ಅದು ಇದ್ದರೆ ಕೆಂಪು ರಕ್ತಕಣಗಳು ಬೇಗ ಸಾಯ್ತವೆ, ಸಕ್ಕರೆ ಅಂಟೋಕೆ ಟೈಮ್ ಸಿಗಲ್ಲ. ಎಚ್‌ಬಿಎ1ಸಿ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತೆ. ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಗಂಡಸರಿಗೆ ಅದು ಒಂದೇ ಇರೋದ್ರಿಂದ ಪರಿಣಾಮ ಪೂರ್ತಿ. ಸುಮಾರು 0.8 ಅಂಶದಷ್ಟು ಕಡಿಮೆ. ಅಂದರೆ 7.0 ಬರಬೇಕಾದ ಜಾಗದಲ್ಲಿ 6.2 ಬಂದು, ಡಾಕ್ಟರ್ ‘ಪರವಾಗಿಲ್ಲ’ ಅಂದುಬಿಡಬಹುದು. 2017ರ ಒಂದು ಅಧ್ಯಯನದ ಅಂದಾಜು: ಈ ಒಂದೇ ಪರೀಕ್ಷೆಯನ್ನ ನಂಬಿದರೆ ಸುಮಾರು 6.5 ಲಕ್ಷ ಆಫ್ರಿಕನ್ ಅಮೆರಿಕನ್ನರ ಡಯಾಬಿಟಿಸ್ ಕೈತಪ್ಪಬಹುದು. ನೋಡಿ, ಕೊನೆಗೂ ಧೈರ್ಯ ಮಾಡಿ ಬಂದು ರಕ್ತ ಕೊಟ್ಟವನಿಗೂ ಅಳತೆಗೋಲೇ ಸರಿಯಾಗಿ ಹೊಂದಲ್ಲ. ಇಂಥವರಿಗೆ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ನೋಡಬೇಕು.

ಅಳತೆಗೋಲಿನ ಮಾತು ನಮ್ಮವರಿಗೂ ತಾಗುತ್ತೆ. ಅಮೆರಿಕದಲ್ಲಿ ‘ಬಿಳಿಯರಲ್ಲದ ಗಂಡಸರು’ ಅನ್ನೋ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಕನ್ನಡದ ಟೆಕ್ಕಿಯೂ ಬರ್ತಾನೆ. ಅಲ್ಲಿ ಬಿಎಂಐ 25 ದಾಟಿದವರಿಗೆ ಶುಗರ್ ಟೆಸ್ಟ್ ಅಂತ ನಿಯಮ ಇತ್ತು. ಏಷ್ಯಾ ಮೂಲದವರಿಗೆ ಸಣ್ಣಗಿದ್ದರೂ ಬರುತ್ತೆ ಅಂತ ಒಪ್ಪಿ ಅದನ್ನ 23ಕ್ಕೆ ಇಳಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ತೆಳ್ಳಗಿರೋ ನಮ್ಮವರಲ್ಲಿ ಎಷ್ಟೋ ಜನ ಲೆಕ್ಕದಿಂದ ಹೊರಗೆ. ಇನ್ನು ನಮ್ಮ ದೇಶದಲ್ಲಿ, ಐಸಿಎಂಆರ್ ಅಧ್ಯಯನದ ಪ್ರಕಾರ ಡಯಾಬಿಟಿಸ್ ಇರೋರು ಸುಮಾರು 10.1 ಕೋಟಿ.

ಇಷ್ಟೆಲ್ಲಾ ಓದಿದ ಮೇಲೆ ನಾನು ಅಪ್ಪನ ಹತ್ತಿರ ಕೂತೆ. ಒಂದು ಮಾತು ಸ್ಪಷ್ಟ ಮಾಡ್ತೀನಿ, ಟಸ್ಕೀಗಿಯ ಗಂಡಸರು ಅನುಭವಿಸಿದ್ದಕ್ಕೂ ನಮ್ಮ ಮನೆಯ ಕಥೆಗೂ ಹೋಲಿಕೆ ಇಲ್ಲ. ಅಲ್ಲಿಂದ ನಾನು ತಗೊಂಡಿದ್ದು ಕೇಳೋ ರೀತಿಯನ್ನ ಮಾತ್ರ. ‘ಯಾಕೆ ಹೋಗಲಿಲ್ಲ’ ಅಂತ ಈ ಸಲ ಕೇಳಲಿಲ್ಲ. ‘ಆಸ್ಪತ್ರೆ ಅಂದ್ರೆ ನಿಮಗೆ ಏನು ನೆನಪಾಗುತ್ತೆ’ ಅಂತ ಕೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ದೊಡ್ಡಪ್ಪನ ಕಥೆ ಹೇಳಿದರು. ನಾನು ಚಿಕ್ಕವನಿದ್ದಾಗ ತೀರಿಕೊಂಡವರು. ಶುಗರ್ ಅಂತ ಒಂದು ಆಸ್ಪತ್ರೆಗೆ ಸೇರಿಸಿದ್ದರು. ನಾಲ್ಕನೇ ದಿನ ಕಾಲು ತೆಗೆದರು. ಯಾಕೆ, ಬೇರೆ ದಾರಿ ಇತ್ತಾ, ಮುಂದೇನು ಅಂತ ಯಾರೂ ಕೂರಿಸಿ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರು, ಅಷ್ಟೇ. ‘ನಡ್ಕೊಂಡು ಒಳಗೆ ಹೋದ ಅಣ್ಣನನ್ನ ನಾನೇ ಎತ್ಕೊಂಡು ಹೊರಗೆ ಬಂದೆ’ ಅಂದರು ಅಪ್ಪ. ಆರು ವರ್ಷ ಟೆಸ್ಟ್ ಮಾಡಿಸದೇ ಇದ್ದದ್ದಕ್ಕೆ ನಮ್ಮ ಮನೆಯಲ್ಲಿ ಮೊದಲ ಸಲ ಒಂದು ಕಾರಣ ಕೇಳಿಸಿತು. ಕಾರಣ ಸರಿ ಅಂತಲ್ಲ. ಬೇಗ ಹೋಗಿದ್ರೆ ದೊಡ್ಡಪ್ಪನ ಕಾಲು ಉಳೀತಿತ್ತೇನೋ. ಆದರೆ ನಾನು ಅದನ್ನ ಬೇಜವಾಬ್ದಾರಿ ಅಂತ ಕರೆದಿದ್ದೆ.

ಈಗ ಮೂರು ತಿಂಗಳಿಗೊಮ್ಮೆ ಟೆಸ್ಟ್‌ಗೆ ನಾನೇ ಜೊತೆಗೆ ಹೋಗ್ತೀನಿ. ರಿಪೋರ್ಟ್ ಏನು ಹೇಳುತ್ತೆ ಅಂತ ಡಾಕ್ಟರ ಹತ್ತಿರ ಅಪ್ಪನ ಮುಂದೆಯೇ ಕೇಳ್ತೀನಿ. ರಾತ್ರಿ ಮಲಗೋ ಮುಂಚೆ ಅವರ ಪಾದ ನೋಡೋದು ಅಮ್ಮನ ಕೆಲಸ. ಬೆರಳಿನ ಗಾಯ ಮಾದಿದೆ.

ನಿಮ್ಮ ಮನೆಯಲ್ಲೂ ‘ನನಗೇನಾಗಿದೆ’ ಅನ್ನೋ ಒಬ್ಬರು ಇರ್ತಾರೆ. ಅಪ್ಪ, ಮಾವ, ಅಣ್ಣ, ಇಲ್ಲಾ ನೀವೇ. ಈ ವಾರ ಅವರಿಗೆ ಬುದ್ಧಿ ಹೇಳೋ ಬದಲು ಆ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಪೂರ್ತಿ ಕೇಳಿಸ್ಕೊಳ್ಳಿ. ಆಮೇಲೆ ಟೆಸ್ಟ್‌ಗೆ ಜೊತೆಗೆ ಹೋಗಿ.